ಧೂಳಿಗೂ ಬೇಕು ಕಾಲುವೆ, ತೂಬು

ಖಾನಾಪುರದ ಕಾಡುಗಳಲ್ಲಿ ತೇಗ, ಮತ್ತಿ, ಹೊನ್ನೆ ಬೆಳೆಯುತ್ತವೆ. ಇಂಥ ಮರಗಳೇ ಬೆಳಗಾವಿಯ ಬಡಿಗರ ಕೈಯಲ್ಲಿ ಕದ, ಕಿಟಕಿ, ಮಂಚಗಳಾಗುತ್ತವೆ. ಆ ಹಾದಿಯಲ್ಲಿ ಮರದ ಒಂದು ಪಾಲು ಹೊಟ್ಟಾಗುತ್ತದೆ. ದಪ್ಪ ಹೊಟ್ಟು ನೆಲಕ್ಕೆ ಬೀಳುತ್ತದೆ; ಚೀಲ ತುಂಬಿ ಒಲೆಗೆ ಒಯ್ಯುವವರೂ ಉಂಟು. ನುಣುಪಾದ ಧೂಳಿನ ಕಥೆಯೇ ಬೇರೆ. ಒಂದು ಮೈಕ್ರಾನ್ ಗಾತ್ರದ ಕಣ ನಿಶ್ಚಲ ಗಾಳಿಯಲ್ಲಿ ಆಳೆತ್ತರದಿಂದ ನೆಲ ಮುಟ್ಟಲು ಹತ್ತು ಗಂಟೆಗೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಅದನ್ನು ಎಷ್ಟು ಜನ ಉಸಿರಾಡಿರುತ್ತಾರೋ!

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮೂಗಿನ ಒಳಭಾಗಕ್ಕೆ ಅಪಾಯ ಹೆಚ್ಚು. ತೇಗದ ಧೂಳು ಕೆಲವರಲ್ಲಿ ಚರ್ಮದ ತುರಿಕೆಯನ್ನೂ ಉಬ್ಬಸವನ್ನೂ ತರುತ್ತದೆ. ಖಾನಾಪುರದ ಜಡಿಮಳೆಗೆ ಬಾಗಿಲು ಮುಚ್ಚಿ ಕೆಲಸ ಮಾಡುವಾಗ ಈ ಧೂಳು ಹೋಗುವುದಾದರೂ ಎಲ್ಲಿಗೆ?

ಯಂತ್ರದ ಬಾಯಲ್ಲೇ ಧೂಳನ್ನು ಹೀರಿ ಹೊರಗೆ ಸಾಗಿಸುವುದೇ ಇದಕ್ಕೆ ಉಪಾಯ. ಒಂದು ಫ್ಯಾನು, ಒಂದು ಮುಖ್ಯ ಕೊಳವೆ, ಗರಗಸ, ರಂದಾ ಮುಂತಾದ ಯಂತ್ರಗಳಿಗೆ ಕವಲು ಕೊಳವೆಗಳು, ಪ್ರತಿ ಕವಲಿಗೆ ಜಾರುವ ತಗಡಿನ ಬಾಗಿಲು. ಇದಕ್ಕೆ ‘ಬ್ಲಾಸ್ಟ್ ಗೇಟ್’ ಎನ್ನುತ್ತಾರೆ. ನಮ್ಮ ರೈತರು ಒಂದು ಮಡಿಗೆ ನೀರು ಬಿಟ್ಟು ಇನ್ನೊಂದನ್ನು ಕಟ್ಟುವುದಿಲ್ಲವೇ? ಇದೂ ಹಾಗೆಯೇ.

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಹೊತ್ತು ತಂದ ಹೂಳನ್ನು ನವಿಲುತೀರ್ಥದ ಜಲಾಶಯದಲ್ಲಿ ಇಳಿಸುತ್ತಾಳೆ. ಅಲ್ಲಿ ನೀರಿನ ವೇಗ ಕುಗ್ಗುತ್ತದೆ. ಕೊಳವೆಯೊಳಗಿನ ಹೊಟ್ಟಿಗೂ ಅದೇ ನಿಯಮ. ಗಾಳಿಯ ವೇಗ ಸೆಕೆಂಡಿಗೆ ಸುಮಾರು 20 ಮೀಟರ್ ಇದ್ದರೆ ಹೊಟ್ಟು ತೇಲಿಕೊಂಡು ಹೋಗುತ್ತದೆ.

ಲೆಕ್ಕ ಸುಲಭ: ಕೊಳವೆಯ ಬಾಯಿಯ ವಿಸ್ತೀರ್ಣವನ್ನು ವೇಗದಿಂದ ಗುಣಿಸಿದರೆ ಗಾಳಿಯ ಪ್ರಮಾಣ ಸಿಗುತ್ತದೆ. 100 ಮಿ.ಮೀ. ಕೊಳವೆಗೆ ಗಂಟೆಗೆ ಸುಮಾರು 565 ಘನ ಮೀಟರ್ ಬೇಕು, 150 ಮಿ.ಮೀ. ಕೊಳವೆಗೆ ಸುಮಾರು 1,270. ವ್ಯಾಸ ಒಂದೂವರೆ ಪಟ್ಟಾದರೆ ಗಾಳಿ ಎರಡೂಕಾಲು ಪಟ್ಟು!

ಮುಖ್ಯ ಕೊಳವೆ 150, ಕವಲುಗಳು 100 ಮಿ.ಮೀ. ಎಂದುಕೊಳ್ಳಿ. ಒಂದೇ ಗೇಟು ತೆರೆದರೆ ಕವಲಿನಲ್ಲಿ 20 ಮೀಟರ್ ವೇಗವಿದ್ದರೂ ಮುಖ್ಯ ಕೊಳವೆಯಲ್ಲಿ ಅದು 9ಕ್ಕೆ ಇಳಿದು ಹೊಟ್ಟು ಅಲ್ಲೇ ಕೂರುತ್ತದೆ. ಎರಡು ತೆರೆದರೆ ಸುಮಾರು 18, ಕೆಲಸ ಸಾಗುತ್ತದೆ. ಎಲ್ಲವನ್ನೂ ತೆರೆದಿಟ್ಟರೆ ಪ್ರತಿ ಬಾಯಿಯ ಸೆಳೆತವೂ ಸೊರಗುತ್ತದೆ. ಆದ್ದರಿಂದ ಒಟ್ಟಿಗೆ ನಡೆಯುವ ಯಂತ್ರಗಳೆಷ್ಟು ಎಂಬುದನ್ನು ಮೊದಲು ಎಣಿಸಿ, ಆಮೇಲೆ ಕೊಳವೆ ಕೊಳ್ಳಬೇಕು.

ಇನ್ನೂ ಕೆಲವು ಮಾತು. ಕವಲು ನೇರ ಅಡ್ಡಲಾಗಿ ಸೇರದೆ, ಹೊಳೆಗೆ ಹಳ್ಳ ಸೇರುವಂತೆ 45 ಡಿಗ್ರಿ ಓರೆಯಲ್ಲಿ ಸೇರಲಿ. ತಿರುವುಗಳು ಅಗಲವಾಗಿರಲಿ. ಸುಕ್ಕುಸುಕ್ಕಾದ ಬಳುಕುವ ಕೊಳವೆ ಗಾಳಿಯನ್ನು ತಡೆಯುತ್ತದೆ. ಅದು ಗಿಡ್ಡದಿದ್ದಷ್ಟೂ ಒಳ್ಳೆಯದು. ಗೇಟು ಕೆಲಸಗಾರನ ಕೈಗೆ ಎಟುಕಲಿ. ದೂರವಿದ್ದರೆ ಯಾರೂ ಮುಚ್ಚುವುದಿಲ್ಲ. ಹಾರುವ ಧೂಳು ಸ್ಥಾಯಿ ವಿದ್ಯುತ್ತನ್ನು ಹುಟ್ಟಿಸುವುದರಿಂದ, ಅರ್ಥಿಂಗ್ ಮಾಡಿದ ತಗಡಿನ ಕೊಳವೆಯೇ ಲೇಸು. ಒಣ ಮರದ ಧೂಳು ಕಿಡಿ ತಗುಲಿದರೆ ಸಿಡಿಯಬಲ್ಲದು.

ಖರ್ಚಿನ ಮಾತೇ? ಮೊದಲ ಖರ್ಚು ಒಂದು ಹಾಳೆ, ಒಂದು ಪೆನ್ಸಿಲ್ಲು. ಅಂಗಡಿಯ ನಕ್ಷೆ ಬರೆದು, ಯಂತ್ರಗಳನ್ನು ಗುರುತಿಸಿ, ಹೆಚ್ಚು ಹೊಟ್ಟು ಉಗುಳುವುದನ್ನು ಫ್ಯಾನಿನ ಹತ್ತಿರಕ್ಕೆ ತನ್ನಿ. ಮಂಚ ಮಾಡಿಕೊಟ್ಟವನೂ ರಾತ್ರಿ ಕೆಮ್ಮಿಲ್ಲದೆ ಮಲಗಬೇಕಲ್ಲವೇ?