ಮೂವರ ಮೇಳ

ಕೋಲಾರದ ಚಿನ್ನದ ಗಣಿಯ ಸೀಮೆಗೆ ಸೇರಿದ ಕ್ಯಾಸಂಬಳ್ಳಿಯು ಆಂಧ್ರದ ಗಡಿಗೆ ಸಮೀಪವಾದ ಊರು. ಕನ್ನಡವೂ ತೆಲುಗೂ ಒಂದೇ ಜಗಲಿಯ ಮೇಲೆ ಕೇಳಿಬರುವ ಇಂಥ ಗಡಿನಾಡುಗಳಿಗೆ ಒಪ್ಪುವ ಕಲೆಯೊಂದುಂಟು; ಅದೇ ಬುರ್ರಕಥೆ.

ಇದಕ್ಕೆ ಮೂವರಿದ್ದರೆ ಸಾಕು. ನಡುವೆ ನಿಲ್ಲುವವನು ಕಥಕ. ಹೆಗಲಿಗೆ ತಂಬೂರಿ, ಕಾಲಿಗೆ ಗೆಜ್ಜೆ, ಬೆರಳಿಗೆ ತಾಳದ ಉಂಗುರ. ತಂಬೂರಿಯ ಬುರುಡೆಯಿಂದಲೇ ಕಲೆಗೆ ಈ ಹೆಸರು ಬಂದಿತೆಂದು ಹೇಳುವರು. ಎಡಬಲದವರ ಕೈಯಲ್ಲಿ ಒಂದೊಂದು ಚರ್ಮವಾದ್ಯ. ಇವರನ್ನು ಬರಿಯ ವಾದ್ಯಗಾರರೆಂದು ಎಣಿಸಬಾರದು. ಒಬ್ಬನು ಕಥೆಯ ನಡುವೆ ನಾಡಿನ ಆಗುಹೋಗುಗಳನ್ನು ಎತ್ತಿ ಆಡುವನು; ಮತ್ತೊಬ್ಬನು ನಗಿಸುವನು. ಕಥಕನು ಕುಣಿಯುತ್ತ ಹಾಡಿದ ನುಡಿಗೆ ಇಬ್ಬರೂ ಓಗೊಡುವರು. ಕೇಳುವವರ ಮನಸ್ಸಿನ ಪ್ರಶ್ನೆಯನ್ನು ಇವರೇ ಕೇಳಿಬಿಡುವುದರಿಂದ ಸಭೆಗೆ ತೂಕಡಿಕೆ ಬಾರದು. ಆ ಓಗೊಡುವಿಕೆಯೇ ಮೇಳದ ಜೀವ.

ಬಳ್ಳಾರಿಯೂ ಇಂಥದೇ ಗಡಿನಾಡು. ಆ ಜಿಲ್ಲೆಯ ದರೋಜಿಯ ಈರಮ್ಮನವರು (1930–2014) ಈ ಕಲೆಯಿಂದ ನಾಡಿಗೆಲ್ಲ ಪರಿಚಿತರಾದರು. ಬುಡ್ಗಜಂಗಮ ಕುಲದ ಆಕೆ ಅಕ್ಷರವನ್ನರಿಯದವರು. ಆದರೂ 12 ಮಹಾಕಾವ್ಯಗಳು ಆಕೆಯ ಕಂಠದಲ್ಲಿದ್ದುವು. ಸೋದರಿಯೂ ನಾದಿನಿಯೂ ಪಕ್ಕದಲ್ಲಿ ನಿಂತು ದನಿಗೂಡಿಸುತ್ತಿದ್ದರು. 1999ರಲ್ಲಿ ಆಕೆಗೆ ರಾಜ್ಯೋತ್ಸವ ಪ್ರಶಸ್ತಿ ದೊರೆಯಿತು.

ಈರಮ್ಮನವರು ಹಾಡಿದ ಕಾವ್ಯಗಳಲ್ಲಿ ಕೆಲವು ಅಚ್ಚಾಗಿರುವುದು ಸಂತೋಷದ ಸಂಗತಿ. ಆದರೆ ಪುಸ್ತಕದಲ್ಲಿ ಉಳಿಯುವುದು ಪದ ಮಾತ್ರ. ಪಕ್ಕದವರ ಓಗೊಡುವ ದನಿಯನ್ನು ಅಚ್ಚಿನ ಮೊಳೆ ಹಿಡಿಯಲಾರದು. ಅದು ಉಳಿಯಬೇಕಾದರೆ ಮೇಳದ ಮುಂದೆ ಜನರಿರಬೇಕು. ಆದುದರಿಂದ ಊರ ಜಾತ್ರೆಗೆ ಮೂವರು ತಂಬೂರಿ ಹೊತ್ತು ಬಂದಾಗ, ಗೃಹಸ್ಥರು ಮಕ್ಕಳನ್ನೂ ಕರೆದುಕೊಂಡು ಹೋಗಿ ಮುಂದೆಯೇ ಕುಳಿತು ಕೇಳುವುದು ಲೇಸು.