ಕೈ ತಿದ್ದುವ ವಿದ್ಯೆ

ಜಮಖಂಡಿ, ಮುಧೋಳ, ಬೀಳಗಿ ಕಡೆ ಮಗುವನ್ನು ಶಾಲೆಗೆ ಹಾಕಿದರೆ ಮೊದಲು ಕೇಳುವ ಮಾತು, ‘ಅಕ್ಷರ ತಿದ್ದು’. ಗುರುಗಳು ಬರೆದ ‘ಅ’ದ ಮೇಲೆ ಬಳಪವನ್ನು ಮತ್ತೆ ಮತ್ತೆ ಆಡಿಸುವುದೇ ತಿದ್ದುವುದು. ಅಲ್ಲಿ ತಿದ್ದುಪಡಿಯಾಗುವುದು ಅಕ್ಷರವಲ್ಲ, ಮಗುವಿನ ಕೈ.

ಚೀನಾದ ಕುಂಚಬರಹವೂ ಶುರುವಾಗುವುದು ಹೀಗೆಯೇ. ಗುರುವಿನ ಬರಹದ ಮೇಲೆ ತೆಳು ಕಾಗದ ಹಾಸಿ ಅದರ ಜಾಡಿನಲ್ಲೇ ಬರೆಯುವುದಕ್ಕೆ ‘ಮೊ’ ಎನ್ನುತ್ತಾರೆ. ಪಕ್ಕದಲ್ಲಿಟ್ಟುಕೊಂಡು ನೋಡಿ ಬರೆಯುವುದಕ್ಕೆ ‘ಲಿನ್’. ಅದಕ್ಕೂ ಮೊದಲು ಮಸಿ ತೇಯಬೇಕು. ಕಾಡಿಗೆಗೆ ಅಂಟು ಕಲಸಿ ಒಣಗಿಸಿದ ಕಡ್ಡಿಯನ್ನು, ಕಲ್ಲಿನ ಮೇಲೆ ನೀರು ಹನಿಸಿ, ನಾವು ಗಂಧ ತೇಯ್ದಂತೆ ನಿಧಾನವಾಗಿ ತೇಯುತ್ತಾರೆ. ಅಷ್ಟರಲ್ಲಿ ಉಸಿರು ಹದಕ್ಕೆ ಬಂದಿರುತ್ತದೆ. ಕುಂಚ ತಾಕಿದ್ದೇ ತಡ, ಕಾಗದ ಮಸಿ ಹೀರುತ್ತದೆ. ಅಳಿಸುವಂತಿಲ್ಲ, ಎಳೆದ ಗೆರೆಯ ಮೇಲೆ ಮತ್ತೆ ಎಳೆಯುವಂತಿಲ್ಲ. ಕೈ ನಡುಗಿದ್ದೂ ಅವಸರಪಟ್ಟದ್ದೂ ಅಲ್ಲೇ ಉಳಿಯುತ್ತದೆ. ಕುಂಚಬರಹಗಾರ ವಾಂಗ್ ಶಿಝಿ 353ರಲ್ಲಿ ಬರೆದ ಲಾನ್‌ಟಿಂಗ್ ಮುನ್ನುಡಿ ಈ ಕಲೆಯ ಶಿಖರ. ಅದರ ಮೂಲಪ್ರತಿ ಇಂದು ಇಲ್ಲ. ನಕಲು ಮಾಡಿದವರ ಕೈಯಲ್ಲಿ ಅದು ಬದುಕಿ ಬಂದಿದೆ.

ನಕಲು ಎಂದರೆ ಕೀಳಲ್ಲ ಎಂಬುದು ನಮ್ಮ ನೆಲಕ್ಕೂ ಗೊತ್ತಿತ್ತು. ಮುಧೋಳ ಸೀಮೆಯ ಬೆಳಗಲಿಯ ಬಳೆಗಾರ ಮನೆತನದಲ್ಲಿ 949ರಲ್ಲಿ ಹುಟ್ಟಿದ ರನ್ನ, ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣ ಬರೆದ. ಅದೇ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಸಾವಿರ ಪ್ರತಿ! ಒಂದೊಂದು ತಾಳೆಗರಿಯನ್ನೂ ಯಾರೋ ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿಗೆ ಆನಿಸಿದ ಕಂಟವೆಂಬ ಮೊನಚು ಲೇಖನಿಯಿಂದ ಗೀರಬೇಕು. ಗೀರುವಾಗ ಅಕ್ಷರ ಸರಿಯಾಗಿ ಕಾಣುವುದೂ ಇಲ್ಲ. ಎಣ್ಣೆಯಲ್ಲಿ ಕಲಸಿದ ಕಾಡಿಗೆ ಸವರಿ ಬಟ್ಟೆಯಿಂದ ಒರೆಸಿದಾಗಲೇ ಸಾಲು ಕಪ್ಪಗೆ ಎದ್ದು ಬರುತ್ತದೆ. ಅಲ್ಲಿಯವರೆಗೆ ಲಿಪಿಕಾರ ನಂಬಿದ್ದು ತನ್ನ ಕೈಯನ್ನು. ಗರಿಯ ಎಳೆಯುದ್ದಕ್ಕೆ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ. ನಮ್ಮ ಅಕ್ಷರಗಳು ದುಂಡಗಾದದ್ದಕ್ಕೆ ಅದೂ ಒಂದು ಕಾರಣ ಎನ್ನುತ್ತಾರೆ. ಅಲ್ಲಿ ಕುಂಚ, ಇಲ್ಲಿ ಕಂಟ. ಕಾಡಿಗೆ ಮಾತ್ರ ಎರಡೂ ಕಡೆ ಒಂದೇ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂಬ ಕೆತ್ತನೆಯಿದೆ. ರನ್ನನದೇ ಕೈ ಎಂದು ನಂಬಿಕೊಂಡು ಬಂದಿದ್ದೇವೆ.

ಚೀನಾದ ಕುಂಚಬರಹ 2009ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಅಲ್ಲಿ ಬೆಳಿಗ್ಗೆ ಉದ್ಯಾನಗಳಲ್ಲಿ ಹಿರಿಯರು ಉದ್ದನೆಯ ಕುಂಚವನ್ನು ನೀರಲ್ಲಿ ಅದ್ದಿ ನೆಲದ ಮೇಲೆ ಬರೆಯುತ್ತಾರೆ. ಬಿಸಿಲೇರಿದರೆ ಬರಹ ಆರಿಹೋಗುತ್ತದೆ, ಅಭ್ಯಾಸ ಕೈಯಲ್ಲಿ ಉಳಿಯುತ್ತದೆ. ನಮ್ಮಲ್ಲಿ ರಬಕವಿ-ಬನಹಟ್ಟಿಯ ಅಂಗಡಿಸಾಲಿನಲ್ಲಿ ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದ ಪೇಂಟರರ ಜಾಗಕ್ಕೆ ಫ್ಲೆಕ್ಸ್ ಬಂದಿದೆ. ಅದು ನಷ್ಟವೇ.

ಮುಧೋಳದಲ್ಲಿ ರನ್ನ ವೈಭವ ಉತ್ಸವ ನಡೆಸುವವರಲ್ಲಿ ಒಂದು ವಿನಂತಿ. ಮುಂದಿನ ಸಲ ವೇದಿಕೆಯ ಪಕ್ಕ ಒಂದು ಚಾಪೆ ಹಾಸಿ, ನಾಲ್ಕು ತಾಳೆಗರಿ, ಒಂದು ಕಂಟ, ಒಂದು ಬಟ್ಟಲು ಕಾಡಿಗೆ ಇಡಿ. ಬಂದ ಮಕ್ಕಳು ರನ್ನನ ಹೆಸರನ್ನು ತಮ್ಮ ಕೈಯಾರೆ ತಿದ್ದಲಿ.