ಕಂಬಳಿ ಹೊದೆಯುವ ಮೊದಲೇ ಬಂದ ಹಿಮ

ಅಮೆರಿಕದ ಸೌತ್ ಡಕೋಟ ರಾಜ್ಯದಲ್ಲಿ ಜನಕ್ಕಿಂತ ದನವೇ ಹೆಚ್ಚು. ತಲೆಗೆ ನಾಲ್ಕರ ಮೇಲೆ ಲೆಕ್ಕ ಬೀಳುತ್ತದೆ. ಜನವರಿಯಲ್ಲಿ ಅಲ್ಲಿ ಚಳಿ ಸೊನ್ನೆಯಿಂದ 25 ಡಿಗ್ರಿ ಕೆಳಗಿಳಿಯುವುದು ಹೊಸದಲ್ಲ. ಆ ಚಳಿಯಲ್ಲೂ ದನಗಳಿಗೆ ಕೊಟ್ಟಿಗೆ ಇಲ್ಲ. ಬಯಲಲ್ಲೇ ನಿಂತು ಒಣಹುಲ್ಲು ಮೆಲುಕು ಹಾಕುತ್ತಿರುತ್ತವೆ, ಬೆನ್ನ ಮೇಲೆ ಒಂದು ಪದರ ಹಿಮ. ನೋಡಿದವರು ಅಯ್ಯೋ ಎನ್ನಬಹುದು. ಆದರೆ ದನ ಸಾಕಿದವರಿಗೆ ಅದು ನೆಮ್ಮದಿಯ ಲಕ್ಷಣ. ಬೆನ್ನ ಮೇಲಿನ ಹಿಮ ಕರಗುತ್ತಿಲ್ಲವೆಂದರೆ ಒಳಗಿನ ಶಾಖ ಹೊರಗೆ ಸೋರುತ್ತಿಲ್ಲ ಎಂದರ್ಥ.

ಇಷ್ಟು ಗಟ್ಟಿ ದನಗಳು 2013ರ ಅಕ್ಟೋಬರ್ ಮೊದಲ ವಾರದಲ್ಲಿ ಸಾವಿರಗಟ್ಟಲೆ ಸತ್ತವು. ಆ ಎರಡು ಮೂರು ದಿನ ಥರ್ಮಾಮೀಟರಿನ ಪಾದರಸ ಸೊನ್ನೆಯ ಆಸುಪಾಸಿನಲ್ಲೇ ಇತ್ತು. ಅಲ್ಲಿನವರ ಪಾಲಿಗೆ ಅದು ಚಳಿಯೇ ಅಲ್ಲ.

ಮಿಸ್ಸೌರಿ ನದಿ ಈ ರಾಜ್ಯವನ್ನು ಸರಿಸುಮಾರು ಎರಡು ಹೋಳು ಮಾಡಿದೆ. ಪೂರ್ವದಲ್ಲಿ ಮೆಕ್ಕೆಜೋಳ, ಸೋಯಾ. ಪಶ್ಚಿಮದಲ್ಲಿ ಕಣ್ಣು ಹಾಯಿಸಿದಷ್ಟೂ ಹುಲ್ಲು. ಈ ಪಡುವಣ ಭಾಗವನ್ನು ಸ್ಥಳೀಯರು ‘ವೆಸ್ಟ್ ರಿವರ್’ ಎಂದೇ ಕರೆಯುತ್ತಾರೆ. ಮಾಂಸದ ತಳಿಯ ದನಗಳನ್ನು ನೂರಾರು ಸಾವಿರಾರು ಎಕರೆಗಳಲ್ಲಿ ಮೇಯಿಸುವ ರ್ಯಾಂಚುಗಳು ಇರುವುದು ಇಲ್ಲೇ. ಬೇಸಿಗೆಯ ಮೇವಿಗೆ ದೂರದ ತೆರೆದ ಹುಲ್ಲುಗಾವಲು, ಚಳಿಗಾಲಕ್ಕೆ ಮನೆಯ ಹತ್ತಿರದ ಹಳ್ಳ, ದಿನ್ನೆ, ಮರಗಳ ಮರೆ ಇರುವ ಜಾಗ. ಹಿಂಡನ್ನು ಅಲ್ಲಿಂದ ಇಲ್ಲಿಗೆ ಹೊಡೆದು ತರುವುದು ಅಕ್ಟೋಬರ್ ಹೊತ್ತಿಗೆ. ಕರುಗಳನ್ನು ತಾಯಿಯಿಂದ ಬಿಡಿಸಿ ಮಾರುವುದೂ ಆಗಲೇ. ಅನೇಕ ಮನೆಗಳಿಗೆ ವರ್ಷದ ಸಂಬಳವೆಂಬುದು ಕೈಗೆ ಬರುವುದು ಆ ಒಂದೇ ಸಲ.

ಆ ವರ್ಷ ಎಲ್ಲರ ಮುಖದಲ್ಲೂ ಕಳೆ ಇತ್ತು. ಹಿಂದಿನ ವರ್ಷ, 2012ರಲ್ಲಿ, ಭಾರಿ ಬರ. ಮೇವಿಲ್ಲದೆ ಎಷ್ಟೋ ಮಂದಿ ಹಿಂಡು ಕರಗಿಸಿದ್ದರು. 2013ರಲ್ಲಿ ಮಳೆ ಕೈಹಿಡಿದು, ಸೆಪ್ಟೆಂಬರ್ ಮುಗಿದರೂ ಹುಲ್ಲು ಹಸಿರಾಗಿತ್ತು. ಹಸಿರು ಇರುವಾಗ ದನಗಳನ್ನು ಬೇಸಿಗೆಯ ಬಯಲಿನಿಂದ ಯಾರು ತಾನೇ ಹೊಡೆದು ತರುತ್ತಾರೆ? ಒಳ್ಳೆಯ ಮಳೆಗಾಲವೇ ಹೀಗೆ ಕೇಡಿನ ದಾರಿಯನ್ನು ಸವರಿಟ್ಟಿತ್ತು.

ಮುನ್ಸೂಚನೆ ಇರಲಿಲ್ಲವೆಂದಲ್ಲ. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿತ್ತು. ಆದರೆ ಅಕ್ಟೋಬರಿನಲ್ಲಿ ಹಿಮ ಬೀಳುವುದು ಅಲ್ಲಿ ಹೊಸತಲ್ಲ. ಬಿದ್ದದ್ದು ಎರಡು ದಿನದಲ್ಲಿ ಕರಗಿ ಹೋಗುತ್ತದೆ. ಹಾಗಾಗಿ ಈ ಸಲವೂ ಅಷ್ಟೇ ಎಂದುಕೊಂಡವರನ್ನು ದೂರುವಂತಿಲ್ಲ. ದೂರದ ಬಯಲಲ್ಲಿ ಚದುರಿದ ನೂರಾರು ದನಗಳನ್ನು ಒಟ್ಟು ಮಾಡಿ ಮನೆಗೆ ತರುವುದು ಒಂದು ಮಧ್ಯಾಹ್ನದ ಕೆಲಸವೂ ಅಲ್ಲ.

ಅಕ್ಟೋಬರ್ 3ರ ಗುರುವಾರ ಮಳೆ ಹಿಡಿಯಿತು. ತಣ್ಣನೆಯ, ಬಿಡದ ಮಳೆ. ಅದು ಹಿಮವಾಗಿ ಬದಲಾಯಿತು, ಜೊತೆಗೆ ಗಾಳಿ ಎದ್ದಿತು. ಶುಕ್ರವಾರ ಒಂದೇ ದಿನ ರಾಪಿಡ್ ಸಿಟಿಯಲ್ಲಿ 19 ಇಂಚು ಹಿಮ ಬಿದ್ದು ಅಕ್ಟೋಬರ್ ತಿಂಗಳ ಹಳೆಯ ದಾಖಲೆಯನ್ನು ಅಳಿಸಿತು. ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲಿನ ಲೀಡ್ ಎಂಬ ಊರಿನಲ್ಲಿ ಬಿರುಗಾಳಿ ಮುಗಿಯುವಷ್ಟರಲ್ಲಿ 55 ಇಂಚು, ಅಂದರೆ ದೊಡ್ಡವರ ಎದೆಮಟ್ಟ. ಗಾಳಿಯ ಹೊಡೆತ ಕೆಲವೆಡೆ ಗಂಟೆಗೆ 110 ಕಿಲೋಮೀಟರ್ ಮುಟ್ಟಿತು. ಬೆಟ್ಟವನ್ನು ಏರಿದ ತೇವದ ಗಾಳಿ ತಣಿದು ಹೊತ್ತದ್ದನ್ನೆಲ್ಲ ಅಲ್ಲೇ ಇಳಿಸಿತ್ತು. ನಮ್ಮ ಪಶ್ಚಿಮ ಘಟ್ಟ ಮುಂಗಾರಿಗೆ ಮಾಡುವುದೂ ಇದನ್ನೇ. ಅದೇ ಶುಕ್ರವಾರ, ಅದೇ ವಾಯುವ್ಯವಸ್ಥೆಯ ಬೆಚ್ಚನೆಯ ಅಂಚಿನಲ್ಲಿ, ನೆಬ್ರಾಸ್ಕ ರಾಜ್ಯದ ವೇಯ್ನ್ ಪಟ್ಟಣಕ್ಕೆ ಭಾರಿ ಸುಂಟರಗಾಳಿ ಅಪ್ಪಳಿಸಿತು. ಒಂದು ಕೈಯಲ್ಲಿ ಹಿಮ, ಇನ್ನೊಂದರಲ್ಲಿ ಟಾರ್ನೆಡೊ.

‘ದ ವೆದರ್ ಚಾನೆಲ್’ ಎಂಬ ಟಿವಿ ವಾಹಿನಿ ಇದಕ್ಕೆ ‘ಅಟ್ಲಾಸ್’ ಎಂದು ಹೆಸರಿಟ್ಟಿತು. ಚಳಿಗಾಲದ ಬಿರುಗಾಳಿಗಳಿಗೆ ಹೆಸರಿಡುವ ಪದ್ಧತಿ ಸರ್ಕಾರಿ ಹವಾಮಾನ ಇಲಾಖೆಗಿಲ್ಲ. ಆದರೂ ದನಗಾರರ ಬಾಯಲ್ಲಿ ನಿಂತದ್ದು ಈ ಹೆಸರೇ.

ಈಗ ದನದ ಮೈಯೊಳಗೆ ಹೋಗಿ ನೋಡೋಣ. ಹಸುವಿನ ಹೊಟ್ಟೆಯಲ್ಲಿ ಒಂದು ಒಲೆ ಇದೆ. ರುಮೆನ್ ಎಂಬ ದೊಡ್ಡ ಚೀಲದಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ಹುದುಗಿಸುತ್ತ ಬಿಸಿ ಹುಟ್ಟಿಸುತ್ತವೆ. ಮೇವು ಹಾಕುತ್ತಿದ್ದರೆ ಒಲೆ ಉರಿಯುತ್ತದೆ. ಆ ಶಾಖವನ್ನು ಒಳಗೇ ಹಿಡಿದಿಡುವ ಕೆಲಸ ಕೂದಲಿನದು, ಅದಕ್ಕಿಂತ ಹೆಚ್ಚಾಗಿ ಕೂದಲುಗಳ ನಡುವೆ ಸಿಕ್ಕಿಕೊಂಡ ಗಾಳಿಯದು. ನಿಶ್ಚಲವಾದ ಗಾಳಿ ಶಾಖವನ್ನು ದಾಟಿಸುವುದರಲ್ಲಿ ಬಹಳ ಸೋಮಾರಿ. ನೀರು ಹಾಗಲ್ಲ, ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚುರುಕು. ಕೂದಲು ನೆನೆದು ಚರ್ಮಕ್ಕೆ ಅಂಟಿದರೆ ಗಾಳಿಯ ಪದರ ಹೋಯಿತು, ಅದರ ಜಾಗಕ್ಕೆ ನೀರು ಬಂತು. ಆ ನೀರನ್ನು ಬಿರುಗಾಳಿ ಆವಿ ಮಾಡುತ್ತ ಹೋದಂತೆ ಅದಕ್ಕೆ ಬೇಕಾದ ಶಾಖವೂ ಮೈಯಿಂದಲೇ ಖರ್ಚು. ಮಲೆನಾಡಿನ ಆಷಾಢದ ಜಡಿಮಳೆಯಲ್ಲಿ ದಿನವಿಡೀ ನೆನೆದ ಕರು ಕೊಟ್ಟಿಗೆಯಲ್ಲಿ ನಡುಗುವುದನ್ನು ಕಂಡವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ 20 ಡಿಗ್ರಿಯಲ್ಲೇ ಆ ಪಾಡು.

ಪಶುವಿಜ್ಞಾನಿಗಳು ಪ್ರತಿ ಪ್ರಾಣಿಗೂ ಒಂದು ತಾಳಿಕೆಯ ಗೆರೆ ಎಳೆಯುತ್ತಾರೆ. ಹೊರಗಿನ ತಾಪ ಆ ಗೆರೆಗಿಂತ ಮೇಲಿದ್ದರೆ ಪ್ರಾಣಿ ಹೆಚ್ಚಿನ ಶ್ರಮವಿಲ್ಲದೆ ಬೆಚ್ಚಗಿರುತ್ತದೆ, ಕೆಳಗಿಳಿದರೆ ಬೆಚ್ಚಗಿರಲೆಂದೇ ಶಕ್ತಿ ಸುಡಬೇಕು. ದಪ್ಪನೆಯ ಚಳಿಗಾಲದ ಕೂದಲು ಬಂದ ಮಾಂಸದ ತಳಿಯ ದನಕ್ಕೆ ಈ ಗೆರೆ ಸೊನ್ನೆಗಿಂತ ಸುಮಾರು 8 ಡಿಗ್ರಿ ಕೆಳಗಿದೆ. ಬೇಸಿಗೆಯ ತೆಳು ಕೂದಲಿದ್ದರೆ ಅಥವಾ ಮೈ ಒದ್ದೆಯಾಗಿದ್ದರೆ ಗೆರೆ 15 ಡಿಗ್ರಿಗೆ ಏರಿಬಿಡುತ್ತದೆ. ಕೂದಲು ಎಷ್ಟೇ ದಪ್ಪವಿರಲಿ, ಒದ್ದೆಯಾದರೆ ಅದು ಬೇಸಿಗೆಯ ಕೂದಲಿಗೆ ಸಮ. ಅಟ್ಲಾಸ್ ಬಂದಾಗ ವೆಸ್ಟ್ ರಿವರಿನ ದನಗಳ ಮೈಯಲ್ಲಿದ್ದದ್ದು ಬೇಸಿಗೆಯ ಕೂದಲು, ಅದೂ ನೆನೆದದ್ದು.

ಒಂದು ಸಣ್ಣ ಲೆಕ್ಕ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 80 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ತಾಗುವ ಚಳಿ ಮೈನಸ್ 10 ಡಿಗ್ರಿಯಷ್ಟು. 15ರ ಗೆರೆಯಿಂದ ಅದು 25 ಸೆಲ್ಸಿಯಸ್ ಡಿಗ್ರಿ, ಅಂದರೆ 45 ಫ್ಯಾರನ್‌ಹೀಟ್ ಡಿಗ್ರಿ ಕೆಳಗೆ. ಒದ್ದೆ ಮೈಯ ದನಕ್ಕೆ ಗೆರೆಯಿಂದ ಇಳಿದ ಒಂದೊಂದು ಫ್ಯಾರನ್‌ಹೀಟ್ ಡಿಗ್ರಿಗೂ ಶೇ. 2ರಷ್ಟು ಹೆಚ್ಚು ಮೇವು ಬೇಕೆಂಬುದು ಪಶು ಆಹಾರ ತಜ್ಞರ ರೂಢಿಯ ಸೂತ್ರ. ಗುಣಿಸಿದರೆ ಶೇ. 90. ಎರಡರಷ್ಟು ಮೇಯಬೇಕಾದ ಹೊತ್ತಿನಲ್ಲಿ ಹುಲ್ಲೆಲ್ಲ ಹಿಮದಡಿ ಹೂತುಹೋಗಿತ್ತು.

ಕೂದಲು ಇನ್ನೂ ಯಾಕೆ ಬಂದಿರಲಿಲ್ಲ? ದನದ ಮೈ ಋತುವನ್ನು ಓದುವುದು ಮುಖ್ಯವಾಗಿ ಹಗಲಿನ ಉದ್ದದಿಂದ. ಇರುಳು ಬೆಳೆದಂತೆ ಮಿದುಳಿನ ಪುಟ್ಟ ಪೀನಿಯಲ್ ಗ್ರಂಥಿ ಮೆಲಟೋನಿನ್ ರಸವನ್ನು ಹೆಚ್ಚು ಹೊತ್ತು ಸುರಿಸುತ್ತದೆ, ಪ್ರೊಲ್ಯಾಕ್ಟಿನ್ ಇಳಿಯುತ್ತದೆ, ಆಗ ಚಳಿಗಾಲದ ಕೂದಲಿಗೆ ಅಪ್ಪಣೆ ಸಿಗುತ್ತದೆ. ಈ ಪಂಚಾಂಗ ಬಲು ನಿಖರ. ಯಾವ ವರ್ಷವೂ ತಪ್ಪುವುದಿಲ್ಲ. ಮೋಡಕ್ಕೆ ಮಾತ್ರ ಅಂಥ ಪಂಚಾಂಗವಿಲ್ಲ. ಅಕ್ಟೋಬರ್ ಆರಂಭದಲ್ಲಿ ಕೂದಲು ಇನ್ನೂ ಬೆಳೆಯತೊಡಗಿತ್ತಷ್ಟೆ. ಬಿರುಗಾಳಿಗೆ ಮುಂಚಿನ ದಿನಗಳು ಬೆಚ್ಚಗಿದ್ದುದರಿಂದ ಚಳಿಗೆ ಒಗ್ಗಿಕೊಳ್ಳಲು ಮೈಗೆ ಅವಕಾಶವೂ ಸಿಕ್ಕಿರಲಿಲ್ಲ.

ಸಾವು ಬಂದ ಬಗೆ ಒಂದೇ ಅಲ್ಲ. ಬಿರುಗಾಳಿಗೆ ಎದುರಾಗಿ ನಿಲ್ಲುವುದು ದನದ ಸ್ವಭಾವವಲ್ಲ, ಅದು ಗಾಳಿಗೆ ಬೆನ್ನು ಕೊಟ್ಟು ನಡೆಯುತ್ತದೆ. ಗಾಳಿ ನಿಲ್ಲುವವರೆಗೂ ನಡೆಯುತ್ತದೆ. ಎಂದಿನ ದಿನ ಬೇಲಿ ತಡೆಯುತ್ತಿತ್ತು. ಆ ದಿನ ಬೇಲಿಗೆ ಒರಗಿ ಬಿದ್ದ ಹಿಮದ ರಾಶಿಯೇ ಮೆಟ್ಟಿಲಾಯಿತು. ಹಿಂಡುಗಳು ಬೇಲಿ ದಾಟಿ ಮೈಲಿಗಟ್ಟಲೆ ಹೋದವು. ಮುಂದೆ ಕಾಣದೆ ಹಳ್ಳಕ್ಕೆ, ಕಂದರಕ್ಕೆ, ದನಗಳಿಗೆ ನೀರು ಕುಡಿಸುವ ಕಟ್ಟೆಗಳಿಗೆ ಉರುಳಿದವು. ಮುಂದಿನದು ಬಿದ್ದ ಮೇಲೆ ಹಿಂದಿನದೂ. ಬಳಲಿ ಮಲಗಿದವುಗಳನ್ನು ಹಿಮ ಮುಚ್ಚಿತು. ಶವಪರೀಕ್ಷೆ ಮಾಡಿದ ಪಶುವೈದ್ಯರಿಗೆ ಕೆಲವು ದನಗಳ ಶ್ವಾಸಕೋಶದಲ್ಲಿ ನೀರು ತುಂಬಿದ್ದು ಕಂಡಿತು: ಒದ್ದೆ ಮೈಯಲ್ಲಿ ಆಳ ಹಿಮವನ್ನು ಸೀಳುತ್ತ ನಡೆದ ಹೃದಯ ಕೈಬಿಟ್ಟಿತ್ತು. ಗಾಯವಿಲ್ಲದೆ, ನೋಡಲು ಪುಷ್ಟವಾಗಿಯೇ ಸತ್ತು ಬಿದ್ದ ದನಗಳ ಗುಟ್ಟು ಇದು.

ಹಿಮ ಕರಗತೊಡಗಿದ ಮೇಲೆ ಹುಡುಕಾಟ. ಕುದುರೆ ಮೇಲೆ, ನಾಲ್ಕು ಚಕ್ರದ ಬೈಕುಗಳ ಮೇಲೆ ಹೊರಟವರಿಗೆ ತಮ್ಮ ದನ ಇನ್ಯಾರದೋ ಹೊಲದಲ್ಲಿ, ಇನ್ಯಾರದೋ ದನ ತಮ್ಮ ಹಳ್ಳದಲ್ಲಿ ಸಿಕ್ಕವು. ಗುರುತಿಗೆ ಉಳಿದದ್ದು ಕಿವಿಯೋಲೆಯ ನಂಬರು ಮತ್ತು ಪಕ್ಕೆಯ ಮೇಲೆ ಕಾದ ಕಬ್ಬಿಣದಿಂದ ಹಾಕಿದ ಬರೆ. ಸತ್ತ ಪ್ರಾಣಿಯನ್ನು 36 ಗಂಟೆಯೊಳಗೆ ಹೂಳಬೇಕು, ಸುಡಬೇಕು ಅಥವಾ ಸಂಸ್ಕರಣಾ ಕಾರ್ಖಾನೆಗೆ ಕೊಡಬೇಕೆಂದು ಆ ರಾಜ್ಯದ ನಿಯಮ. ಎಲ್ಲಿದೆ ಎಂದೇ ಗೊತ್ತಿಲ್ಲದ ಹೆಣಗಳಿಗೆ ಗಂಟೆಯ ಲೆಕ್ಕ ಇಡುವುದು ಹೇಗೆ? ರಾಪಿಡ್ ಸಿಟಿಯಿರುವ ಪೆನ್ನಿಂಗ್ಟನ್ ಕೌಂಟಿ ಸಾಮೂಹಿಕವಾಗಿ ಹೂಳಲು ದೊಡ್ಡ ಗುಂಡಿಗಳನ್ನು ತೋಡಿಸಿತು.

ಮೊದಲ ದಿನಗಳಲ್ಲಿ ಲಕ್ಷ ದನ ಸತ್ತವೆಂಬ ಸುದ್ದಿಯೂ ಹಬ್ಬಿತ್ತು. ರಾಜ್ಯದ ಪಶು ಇಲಾಖೆಗೆ ವರದಿಯಾದ ಲೆಕ್ಕ ಸುಮಾರು 14,000 ದನ, 1,200ಕ್ಕೂ ಹೆಚ್ಚು ಕುರಿ, ಮುನ್ನೂರರ ಹತ್ತಿರ ಕುದುರೆ, 40 ಬೈಸನ್. ವರದಿ ಕೊಡದವರೂ ಇದ್ದುದರಿಂದ ನಿಜ ಇದಕ್ಕಿಂತ ಹೆಚ್ಚೇ ಇರಬೇಕು. ಬೈಸನ್‌ಗಳ ಸಂಖ್ಯೆ ಮೊದಲೇ ಕಡಿಮೆ, ಹಾಗಾಗಿ ಆ 40ರಿಂದ ದೊಡ್ಡ ತೀರ್ಮಾನಕ್ಕೆ ಬರಬಾರದು. ಆದರೂ ಸಾವಿರಾರು ವರ್ಷ ಇದೇ ಬಯಲಿನ ಗಾಳಿಯನ್ನು ತಿಂದು ಬೆಳೆದ, ತಲೆ ಭುಜಗಳ ಮೇಲೆ ಒತ್ತೊತ್ತಾದ ಉಣ್ಣೆ ಹೊತ್ತ ಪ್ರಾಣಿಗೂ ಹಡಗಿನಲ್ಲಿ ಯೂರೋಪಿನಿಂದ ಬಂದ ಆ್ಯಂಗಸ್ ತಳಿಗೂ ವ್ಯತ್ಯಾಸವಿದ್ದೇ ಇದೆ.

ತಲೆಲೆಕ್ಕದಲ್ಲಿ ಕಾಣದ ನಷ್ಟ ಇನ್ನೊಂದು. ಅಕ್ಟೋಬರಿನಲ್ಲಿ ಸತ್ತ ಹಸುವಿನ ಪಕ್ಕದಲ್ಲಿ ಮಾರಾಟಕ್ಕೆ ಸಿದ್ಧವಾದ ಈ ವರ್ಷದ ಕರು ಇರುತ್ತದೆ, ಹೊಟ್ಟೆಯಲ್ಲಿ ಮುಂದಿನ ವರ್ಷದ್ದು. ಒಂದು ಹೋದರೆ ಮೂರು ಹೋದಂತೆ. ಅಜ್ಜನ ಕಾಲದಿಂದ ಆರಿಸಿ ಆರಿಸಿ ಕೂಡಿಸಿದ ತಳಿಯ ಗುಣವಂತೂ ಸಂತೆಯಲ್ಲಿ ಸಿಗುವ ಸರಕಲ್ಲ.

ಈ ಹೊಡೆತಕ್ಕೆ ಸರ್ಕಾರದ ಪಂಚಾಂಗವೂ ಕೈಕೊಟ್ಟದ್ದು ವಿಚಿತ್ರ. ಬಜೆಟ್ ಜಗಳದಿಂದಾಗಿ ಅಕ್ಟೋಬರ್ 1ರಿಂದ ಕೇಂದ್ರ ಸರ್ಕಾರವೇ ಬಾಗಿಲು ಹಾಕಿತ್ತು, ತೆರೆದದ್ದು 17ಕ್ಕೆ. ಹವಾಮಾನ ಇಲಾಖೆಯವರು ಸಂಬಳವಿಲ್ಲದೆ ದುಡಿಯುತ್ತಿದ್ದರು. ರೈತರು ನಷ್ಟ ಹೇಳಿಕೊಳ್ಳಬೇಕಾದ ಕೃಷಿ ಇಲಾಖೆಯ ಕಚೇರಿಗಳಿಗೆ ಬೀಗ. ಸತ್ತ ಜಾನುವಾರುಗಳಿಗೆ ಮಾರುಕಟ್ಟೆ ಬೆಲೆಯ ಶೇ. 75ರಷ್ಟು ಕೊಡುವ ಯೋಜನೆಯೊಂದು ಇತ್ತು. ಆದರೆ ಅದರ ಅವಧಿ 2011ರಲ್ಲೇ ಮುಗಿದು, ಹೊಸ ಕೃಷಿ ಕಾಯಿದೆ ಸಂಸತ್ತಿನಲ್ಲಿ ನೇತಾಡುತ್ತಿತ್ತು. ತಿಳಿದವರು ಕೊಟ್ಟ ಸಲಹೆ ಒಂದೇ: ಪ್ರತಿ ಹೆಣದ ಫೋಟೊ ತೆಗೆಯಿರಿ, ಕಿವಿಯೋಲೆ ಬರೆದಿಡಿ, ಹೊರಗಿನವರೊಬ್ಬರ ಸಾಕ್ಷಿ ಇಟ್ಟುಕೊಳ್ಳಿ, ಎಂದಾದರೂ ಬೇಕಾಗಬಹುದು.

ಬಯಲುಸೀಮೆಯ ಈ ದನಗಾರಿಕೆ ಇಂಥ ಪೆಟ್ಟು ತಿಂದದ್ದು ಮೊದಲಲ್ಲ. 1886-87ರ ಚಳಿಗಾಲದಲ್ಲಿ ಬೇಲಿಯಿಲ್ಲದ ಹುಲ್ಲುಗಾವಲಿಗೆ ಬಿಟ್ಟ ಲಕ್ಷಾಂತರ ದನಗಳು ಸತ್ತವು. ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ ಡಕೋಟದಲ್ಲಿ ಸಾಕಿದ್ದ ಹಿಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಆಗ ಹೋಯಿತು. ಚಳಿಗಾಲಕ್ಕೆ ಹುಲ್ಲು ಕೊಯ್ದು ಬಣವೆ ಒಟ್ಟುವ ಪದ್ಧತಿ ಗಟ್ಟಿಯಾದದ್ದು ಆ ಸಾವುಗಳ ನಂತರ. 1949ರ ಹಿಮದಲ್ಲಿ ಸಿಕ್ಕಿಬಿದ್ದ ಹಿಂಡುಗಳಿಗೆ ವಾಯುಪಡೆಯ ವಿಮಾನಗಳು ಆಕಾಶದಿಂದ ಹುಲ್ಲಿನ ಪಿಂಡಿ ಎಸೆದವು. 2013ರಲ್ಲಿ ಅದಕ್ಕೂ ವೇಳೆ ಇರಲಿಲ್ಲ. ಇಂಥದ್ದಕ್ಕೆಲ್ಲ ಹವಾಮಾನ ಬದಲಾವಣೆಯೇ ಕಾರಣ ಎನ್ನುವುದು ಈಗ ಬಾಯಿಪಾಠ. ಅಟ್ಲಾಸನ್ನು ಅಧ್ಯಯನ ಮಾಡಿದ ವಿಜ್ಞಾನಿಗಳಿಗೆ ಮಾತ್ರ ಅದರ ಸಂಭವವನ್ನು ಮನುಷ್ಯ ಹೆಚ್ಚಿಸಿದ್ದಾನೆ ಎನ್ನಲು ಪುರಾವೆ ಸಿಗಲಿಲ್ಲ.

ಸರ್ಕಾರಕ್ಕಿಂತ ಮೊದಲು ಬಂದವರು ನೆರೆಹೊರೆಯವರು. ದನ ಮತ್ತು ಕುರಿ ಸಾಕಣೆದಾರರ ಸಂಘಗಳು ಸೇರಿ ತೆರೆದ ಪರಿಹಾರ ನಿಧಿಯಲ್ಲಿ 50 ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿತು. ಮೊಂಟಾನದಲ್ಲಿ ಹುಟ್ಟಿದ ‘ಹೈಫರ್ಸ್ ಫಾರ್ ಸೌತ್ ಡಕೋಟ’ ಎಂಬ ಅಭಿಯಾನದ ದಾರಿಯೇ ಬೇರೆ. ಅದು ಕೇಳಿದ್ದು ದುಡ್ಡಿಗಿಂತ ಹೆಚ್ಚಾಗಿ ಗಬ್ಬದ ಕಡಸುಗಳನ್ನು. ಬೇರೆ ಬೇರೆ ರಾಜ್ಯಗಳ ರ್ಯಾಂಚುಗಳಿಂದ ಲಾರಿಗಳಲ್ಲಿ ಕಡಸುಗಳು ಬಂದಿಳಿದವು.

ಕೃಷಿ ಕಾಯಿದೆಗೆ ಅಧ್ಯಕ್ಷರ ಸಹಿ ಬಿದ್ದದ್ದು 2014ರ ಫೆಬ್ರವರಿ 7ರಂದು. ಪರಿಹಾರ ಯೋಜನೆಗೆ 2011ರ ಅಕ್ಟೋಬರ್‌ನಿಂದಲೇ ಜಾರಿಯಾಗುವಂತೆ ಮರುಜೀವ ಬಂತು. ಅರ್ಜಿ ತೆಗೆದುಕೊಳ್ಳಲು ಶುರುಮಾಡಿದ್ದು ಏಪ್ರಿಲ್ 15ರಿಂದ. ಆರು ತಿಂಗಳ ಹಿಂದೆ ಕೆಸರಿನಲ್ಲಿ ನಿಂತು ತೆಗೆದ ಫೋಟೊಗಳನ್ನು ಹಿಡಿದು ಜನ ಕಚೇರಿಗೆ ಹೊರಟಾಗ ವೆಸ್ಟ್ ರಿವರಿನಲ್ಲಿ ಹಸುಗಳು ಕರು ಹಾಕುವ ಕಾಲ. ದಾನವಾಗಿ ಬಂದ ಕಡಸುಗಳೂ ಅವುಗಳ ನಡುವೆ ಇದ್ದವು, ಪಕ್ಕೆಯ ಮೇಲೆ ಬೇರೆ ಯಾರದೋ ಮನೆಯ ಬರೆ ಹೊತ್ತು.